ಲಿಂಡ್ ಮರ ಹುಡುಕ್ಕೊಂಡು ಹೋದ ಕಥೆ

ಮದ್ವೆ ವಿಷಯ ಹೇಳಿದಾಗ ಅಪ್ಪ ಫೋನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಹುಡುಗ ದಿನಾ ಏನ್ ತಿಂತಾನೆ ಅನ್ನೋದು ಒಂದು. ಅವನ ಹೆಸರಿನ ಬಾಲದಲ್ಲಿರೋ ಆ ಲಿಂಡ್‌ಕ್ವಿಸ್ಟ್ ಅಂದ್ರೆ ಏನಮ್ಮ, ಅವರ ಊರಾ, ಬೆಡಗಾ, ಕಸುಬಾ ಅನ್ನೋದು ಇನ್ನೊಂದು. ಮೊದಲನೇದಕ್ಕೆ ಆಲೂಗಡ್ಡೆ ಅಂದೆ, ಅಲ್ಲಿಗೆ ಮುಗೀತು. ಎರಡನೇದಕ್ಕೆ ಲಿಂಡ್ ಅಂದ್ರೆ ಇಲ್ಲಿ ಸ್ವೀಡನ್ನಿನ ಒಂದು ಮರ, ಕ್ವಿಸ್ಟ್ ಅಂದ್ರೆ ಸಣ್ಣ ರೆಂಬೆ ಅಪ್ಪ ಅಂತ ಹೇಳ್ದೆ. ಅಷ್ಟಕ್ಕೆ ಬಿಡ್ಲಿಲ್ಲ, "ಯಾವ ಮರ? ಎಲ್ಲಿರೋ ಮರ?" ಅಂದ್ರು. ಅದಕ್ಕೆ ಸರಿಯಾದ ಉತ್ತರ ಕೊಡೋಕೆ ನಂಗೆ ಒಂದೂವರೆ ವರ್ಷ ಹಿಡೀತು.

ನಂದು ತುಮಕೂರು ಕಡೆ. ಹೆಸರಿನ ಮುಂದೆ ಎರಡು ಇನಿಶಿಯಲ್, ಒಂದು ಊರಿಂದು, ಇನ್ನೊಂದು ಅಪ್ಪಂದು. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಅನ್ನೋ ಜಾಗ ಖಾಲಿ. ಊರಲ್ಲಿ ಇದ್ದಾಗ ಇದೊಂದು ತೊಂದ್ರೆ ಅಂತಾನೇ ಅನ್ಸಿರ್ಲಿಲ್ಲ, ಸ್ವೀಡನ್‌ಗೆ ಬಂದು ಗೋಥೆನ್‌ಬರ್ಗಲ್ಲಿ ಕೆಲಸಕ್ಕೆ ಸೇರಿದ್ಮೇಲೆ ಒಂದು ಬ್ಯಾಂಕಿನ ಆನ್‌ಲೈನ್ ಫಾರ್ಮು ಸರ್‌ನೇಮ್ ಹಾಕದೆ ಮುಂದಕ್ಕೇ ಹೋಗ್ತಿರ್ಲಿಲ್ಲ, ಕೊನೆಗೆ ನನ್ನ ಹೆಸರನ್ನೇ ಎರಡು ಸಲ ಹಾಕಿ ಅಕೌಂಟ್ ಮಾಡಿಸ್ಕೊಂಡೆ, ಆಮೇಲೆ ಆರು ತಿಂಗಳು ನನ್ನ ಪತ್ರಗಳೆಲ್ಲ ಕನ್ನಡಿ ನೋಡ್ಕೊಂಡಂಗೆ ಜೋಡಿ ಹೆಸರಲ್ಲೇ ಬರ್ತಿದ್ವು. ಹಂಗಾಗಿ ಮದ್ವೆ ಆಗೋವಾಗ ಸ್ಕಾಟೆವೆರ್ಕೆಟ್, ಅಂದ್ರೆ ಇಲ್ಲಿಯ ಟ್ಯಾಕ್ಸ್ ಆಫೀಸು (ಜನನ ಮರಣ ಮದ್ವೆ ಹೆಸರು ಎಲ್ಲಾ ಇವರ ಕೈಯಲ್ಲೇ), ಅವರ ಫಾರ್ಮಲ್ಲಿ ಮದ್ವೆ ಆದ್ಮೇಲೆ ಯಾವ ಹೆಸರು ಇಟ್ಕೋತೀರಾ ಅಂತ ಕೇಳಿದಾಗ ಗಂಡ ಸಲೀಸಾಗಿ "ನಂದೇ ತಗೋ" ಅಂದ್ಬಿಟ್ಟ. ಏನೋ ತಡೀತು. ಅರ್ಥನೇ ಸರಿಯಾಗಿ ಗೊತ್ತಿಲ್ದಿರೋ ಹೆಸರನ್ನ ಅಂಗಡಿಯಿಂದ ಕೋಟು ತಗೊಂಡಂಗೆ ತಗೊಳ್ಳೋದಾ ಅನ್ಸಿ ಆಮೇಲೆ ನೋಡೋಣ ಅಂತ ಖಾಲಿ ಬಿಟ್ಟೆ.

ಮರದ ಬಗ್ಗೆ ಮೊದಲು ಹೇಳ್ತೀನಿ. ಲಿಂಡ್ ಎಲೆ ನೋಡಿದ್ರೆ ನಮ್ಮೋರಿಗೆ ತಕ್ಷಣ ಅರಳಿ ಎಲೆನೇ ನೆನಪಾಗೋದು, ಅದೇ ಹೃದಯದ ಆಕಾರ, ಉದ್ದನೆ ಬಾಲ ಒಂದಿಲ್ಲ ಅಷ್ಟೆ. ಜುಲೈಲಿ ಹೂ ಬಿಟ್ರೆ ಬೀದಿಯೆಲ್ಲಾ ಜೇನಿನ ವಾಸನೆ, ಮರದ ಕೆಳಗೆ ನಿಂತ್ರೆ ಮೇಲೆ ಟ್ರಾನ್ಸ್‌ಫಾರ್ಮರ್ ಗುಂಯ್ ಅಂದಂಗೆ ಜೇನುಹುಳದ ಸದ್ದು. ತೊಗಟೆ ನಾರಲ್ಲಿ ಹಿಂದೆ ಹಗ್ಗ ಹೊಸೀತಿದ್ರು. ಹಳೇ ತೋಟದ ಮನೆಗಳ ಅಂಗಳದಲ್ಲಿ ವೋರ್ಡ್‌ಟ್ರೇಡ್ ಅಂತ ಒಂದು ಮರ ಇರ್ತಿತ್ತು, ಕಾಯೋ ಮರ ಅನ್ನಬಹುದು, ಅದು ಎಷ್ಟೋ ಕಡೆ ಲಿಂಡೇ. ಅದರ ಕೊಂಬೆ ಮುರಿಯೋ ಹಾಗಿಲ್ಲ, ಮುರಿದ್ರೆ ಮನೆಗೆ ಕೇಡು. ಇದನ್ನ ಅಪ್ಪಂಗೆ ಹೇಳಿದಾಗ "ಹಂಗಾದ್ರೆ ಅರಳಿಕಟ್ಟೆ ಮನೆತನ ಅನ್ನು" ಅಂತ ಖುಷಿಯಾಗ್ಬಿಟ್ರು.

ನಮ್ಮ ಮಾವನ ಕಥೆನೂ ಅದೇ ಆಗಿತ್ತು. (ಇಲ್ಲಿ ಅತ್ತೆ ಮಾವನ್ನೂ ಹೆಸರು ಹಿಡಿದೇ ಕರೀಬೇಕು, ಬಹುವಚನ ಹೋಗಿ ಎಷ್ಟೋ ದಶಕ ಆಯ್ತು, ಮೊದಲ ಒಂದು ವರ್ಷ ನಂಗೆ ಬಾಯೇ ಬರ್ತಿರ್ಲಿಲ್ಲ, ಕೆಮ್ಮಿ ಮಾತು ಶುರು ಮಾಡ್ತಿದ್ದೆ.) ಮಿಡ್‌ಸಮ್ಮರ್ ಅನ್ನೋ ಬೇಸಿಗೆ ಹಬ್ಬದ ಊಟದಲ್ಲಿ ಎರಡನೇ ಗ್ಲಾಸ್ ಆದ್ಮೇಲೆ ಅವರು ಹೇಳೋರು: ನಮ್ಮ ಪೂರ್ವಿಕರ ಅಂಗಳದಲ್ಲಿ ಭಾರೀ ದೊಡ್ಡ ಲಿಂಡ್ ಮರ ಇತ್ತಂತೆ, ಅದಕ್ಕೇ ಈ ಹೆಸರು. ಜೊತೆಗೆ ಸಾಕ್ಷಿಗೆ ಅಂತ ಲಿನೇಯಸ್‌ನ ಎಳ್ಕೊಂಡು ಬರೋರು, ಅದೇ ಗಿಡ ಮರ ಪ್ರಾಣಿಗಳಿಗೆಲ್ಲ ಲ್ಯಾಟಿನ್ ಜೋಡಿ ಹೆಸರು ಇಡೋ ಪದ್ಧತಿನ ನೆಲೆಗೊಳಿಸಿದ ಕಾರ್ಲ್ ಲಿನೇಯಸ್. ಅವನ ಕಥೆ ನಿಜಾನೇ. ಅವನ ಅಪ್ಪ ನಿಲ್ಸ್ ಇಂಗೆಮಾರ್ಸನ್ ಸ್ಮಾಲಂಡ್ ಕಡೆಯೋನು, ಲುಂಡ್ ಯೂನಿವರ್ಸಿಟಿಗೆ ಸೇರೋವಾಗ ಒಂದು ಖಾಯಂ ಹೆಸರು ಬೇಕಾಗಿ ಮನೆ ಹತ್ರ ಇದ್ದ ದೊಡ್ಡ ಲಿಂಡ್ ಮರದಿಂದ ಲಿನೇಯಸ್ ಅಂತ ಮಾಡ್ಕೊಂಡ, ಅದೇ ಮರದಿಂದ ನೆಂಟರಲ್ಲಿ ಕೆಲವರು ಲಿಂಡೇಲಿಯಸ್ ಆದ್ರು, ಇನ್ನು ಕೆಲವರು ಆ ಮರದ ಲ್ಯಾಟಿನ್ ಹೆಸರು ಟಿಲಿಯಾ ಹಿಡ್ಕೊಂಡು ಟಿಲಿಯಾಂಡರ್ ಆದ್ರು. ಒಂದು ಮರ, ಮೂರು ಸರ್‌ನೇಮು. ಊರಿಗೆಲ್ಲ ಹೆಸರಿಟ್ಟೋನ ಹೆಸರೇ ಒಂದು ಮರದ್ದು.

ಈಗ ಅನ್ಸುತ್ತೆ, ಲಿಂಡ್ ಅಂತ ಶುರುವಾಗೋ ಅರ್ಧ ಮನೆಗಳಲ್ಲಿ ಈ ಕಥೆನೇ ಸ್ವಲ್ಪ ತಿರುಚಿ ಹೇಳ್ತಿರ್ತಾರೆ. ಆದ್ರೆ ಆಗ ನಂಬಿದ್ದೆ. ಮರ ಎಲ್ಲಿತ್ತು ಅಂತ ಹುಡುಕಿ ಒಂದು ಫೋಟೋ ತೆಗೆದು ಅಪ್ಪಂಗೆ ಕಳ್ಸಿದ್ರೆ ಮುಗೀತು ಅಂದ್ಕೊಂಡು ಕೂತೆ.

ಹುಡುಕೋ ಕೆಲಸ ಈ ದೇಶದಲ್ಲಿ ಎಷ್ಟು ಸುಲಭವೋ ಅಷ್ಟೇ ಕಷ್ಟ. ಸುಲಭ ಯಾಕೆ ಅಂದ್ರೆ 1686ರ ಚರ್ಚ್ ಕಾನೂನಿಂದ ಹಿಡಿದು ಪಾದ್ರಿಗಳು ಹುಟ್ಟು ಸಾವು ಮದ್ವೆ ವಲಸೆ ಎಲ್ಲಾ ಬರೆದಿಡಬೇಕಿತ್ತು, 1991ರ ತನಕ ಜನಸಂಖ್ಯೆ ಲೆಕ್ಕ ಚರ್ಚ್ ಕೈಯಲ್ಲೇ ಇತ್ತು, ಆಮೇಲೇ ಟ್ಯಾಕ್ಸ್ ಆಫೀಸಿಗೆ ಬಂದಿದ್ದು. ಆ ಹಳೇ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ರಿಕ್ಸಾರ್ಕಿವೆಟ್, ಅಂದ್ರೆ ರಾಷ್ಟ್ರೀಯ ದಾಖಲೆ ಭಂಡಾರ, ನೆಟ್ಟಲ್ಲಿ ಹಾಕಿದೆ, ದುಡ್ಡಿಲ್ಲ. ಲೈಬ್ರರಿ ಕಂಪ್ಯೂಟರಲ್ಲೂ ನೋಡಬಹುದು. 70 ವರ್ಷಕ್ಕಿಂತ ಈಚಿನದ್ದು ಮಾತ್ರ ಗೌಪ್ಯ. ಕಷ್ಟ ಯಾಕೆ ಅಂದ್ರೆ ಅದನ್ನ ಓದ್ಬೇಕಲ್ಲ. ಹಳೇ ಪುಸ್ತಕಗಳಲ್ಲಿ ಕೈಬರಹ ಜರ್ಮನ್ ಶೈಲೀದು, ಇವತ್ತಿನ ಸ್ವೀಡಿಷರಿಗೇ ಓದಕ್ಕೆ ಬರಲ್ಲ, ನಮ್ಮ ಮೋಡಿ ಲಿಪಿ ಕಡತ ಕೊಟ್ಟಂಗೆ. ನನ್ನ ಗಂಡ ಒಂದು ಪುಟ ನೋಡಿ "ಇದು ಇಸಿಜಿ" ಅಂತ ಹೇಳಿ ಎದ್ದು ಹೋದ.

ಎಲ್ಲದರಲ್ಲೂ ರುಚಿಯಾಗಿದ್ದು ಹುಸ್‌ಫೊರ್‌ಹೋರ್ಸ್‌ಲೆಂಗ್ಡ್ ಅನ್ನೋ ಪುಸ್ತಕ. ಉಚ್ಚಾರಣೆ ಬಿಡಿ. ಮನೆಮಂದಿ ಪರೀಕ್ಷೆಯ ರಿಜಿಸ್ಟರ್ ಅಂತ ಅರ್ಥ. ಪಾದ್ರಿ ವರ್ಷಕ್ಕೊಮ್ಮೆ ಬಂದು ಮನೇಲಿರೋರಿಗೆಲ್ಲ, ಆಳುಮಕ್ಕಳನ್ನೂ ಸೇರಿಸಿ, ಓದಕ್ಕೆ ಬರುತ್ತಾ, ಧರ್ಮದ ಪಾಠ ಬಾಯಿಗೆ ಬಂದಿದೆಯಾ ಅಂತ ಪರೀಕ್ಷೆ ಮಾಡಿ ಹೆಸರಿನ ಎದುರು ಗುರುತು ಹಾಕ್ತಿದ್ದ. ಅದೇ ಪುಟದಲ್ಲಿ ಯಾರು ಎಲ್ಲಿಂದ ಬಂದ್ರು, ಎಲ್ಲಿಗೆ ಹೋದ್ರು, ಯಾರು ಸತ್ರು ಎಲ್ಲಾ. ಊರು ಬಿಟ್ರೂ ಸತ್ರೂ ಹೆಸರಿನ ಮೇಲೆ ಗೆರೆ ಎಳೆಯೋರು. ಮೊದಲ ಸಲ ಒಂದು ಇಡೀ ಸಂಸಾರದ ಮೇಲೆ ಗೆರೆ ನೋಡಿ ಅಯ್ಯೋ ಪ್ಲೇಗ್ ಬಂತೇನೋ ಅಂತ ಎದೆ ಧಸಕ್ ಅಂತು, ನೋಡಿದ್ರೆ ಪಕ್ಕದೂರಿಗೆ ಮನೆ ಬದಲಾಯಿಸಿದ್ರು ಅಷ್ಟೆ.

ಈಚೆಯಿಂದ ಹಿಂದಕ್ಕೆ ಹೋಗ್ಬೇಕು, ಅದೇ ನಿಯಮ. ಅತ್ತೆ ಹತ್ರ ಒಂದು ಬಿಸ್ಕತ್ ಡಬ್ಬಿ ಇತ್ತು, ಅದರಲ್ಲಿ ಮಾವನ ತಾತನ ಬ್ಯಾಪ್ಟಿಸಂ ಚೀಟಿ, 1888, ಗೋಥೆನ್‌ಬರ್ಗ್. ಅಲ್ಲಿಂದ ಅವರ ಅಪ್ಪ ಸಿಕ್ಕಿದ್ರು, ಬಡಗಿ, 1855ರಲ್ಲಿ ವೆಸ್ಟೆರ್‌ಯೋಟ್‌ಲಂಡ್ ಕಡೆ ಹಳ್ಳೀಲಿ ಹುಟ್ಟಿದೋರು, ಲಿಂಡ್‌ಕ್ವಿಸ್ಟ್. (ಇವರ ಭಾಷೇಲಿ ಒಂದು ಒಳ್ಳೇದು, ಅಪ್ಪನ ಅಪ್ಪ ಫಾರ್‌ಫಾರ್, ಅಮ್ಮನ ಅಪ್ಪ ಮೂರ್‌ಫಾರ್, ಅಪ್ಪನ ತಮ್ಮನೇ ಬೇರೆ ಪದ, ಅಮ್ಮನ ತಮ್ಮನೇ ಬೇರೆ ಪದ, ಇಂಗ್ಲಿಷಿನ ಅಂಕಲ್ ತರ ಚಿಕ್ಕಪ್ಪ ಸೋದರಮಾವ ಎಲ್ಲಾ ಒಂದೇ ಹಂಡೇಲಿ ಹಾಕಿ ಬೇಯ್ಸಲ್ಲ.) ಸರಿ, ಇನ್ನೇನು ಆ ಹಳ್ಳಿ ಪುಸ್ತಕದಲ್ಲಿ ಲಿಂಡ್‌ಕ್ವಿಸ್ಟ್ ಅಂತ ಹುಡುಕಿದ್ರೆ ಮರ ಸಿಕ್ಕಂಗೆ ಅಂದ್ಕೊಂಡೆ. ಇಡೀ ಹಳ್ಳೀಲಿ ಒಬ್ನೂ ಲಿಂಡ್‌ಕ್ವಿಸ್ಟ್ ಇಲ್ಲ! ಹಿಂದಿನ ಪುಸ್ತಕದಲ್ಲೂ ಇಲ್ಲ, ಮುಂದಿನದ್ರಲ್ಲೂ ಇಲ್ಲ.

ಹುಟ್ಟಿದ ತಾರೀಖು ಹಿಡ್ಕೊಂಡು ಹುಡುಕೋಣ ಅಂತ ಕೂತೆ. ಗೋಥೆನ್‌ಬರ್ಗ್ ಪುಸ್ತಕದಲ್ಲಿ ಪಾದ್ರಿ "12 7ಬ್ರ್" ಅಂತ ಬರೆದಿದ್ದ. ಏಳು ಅಂದ್ರೆ ಜುಲೈ ತಾನೇ. ಜುಲೈ 12ಕ್ಕೆ ಯಾರೂ ಹುಟ್ಟಿಲ್ಲ, ಜುಲೈ 14ಕ್ಕೆ ಒಬ್ಬ ಇದ್ದ, ಹೆಸರೂ ಹೊಂದ್ತಿತ್ತು, ಪಾದ್ರಿ ತಪ್ಪು ಬರ್ದಿರ್ತಾನೆ ಅಂತ ನಾನೇ ಪಾದ್ರಿಗೆ ತಪ್ಪು ಹೊರಿಸಿ ಅವನ ಹಿಂದೆ ಒಂದು ತಿಂಗಳು ಬಿದ್ದೆ, ಅವನ ಅಜ್ಜ ಮುತ್ತಜ್ಜನ ತನಕ ಎಕ್ಸೆಲ್ ಶೀಟ್ ಮಾಡ್ದೆ. ಅವನು ಆರು ವರ್ಷಕ್ಕೇ ತೀರ್ಕೊಂಡಿದ್ದ ಅಂತ ಕೊನೇಲಿ ಗೊತ್ತಾಯ್ತು. ಲೈಬ್ರರೀಲಿ ವಾರಕ್ಕೊಂದು ದಿನ ವಂಶಾವಳಿ ಸಂಘದೋರು ಕೂತು ಹೊಸಬರಿಗೆ ಸಹಾಯ ಮಾಡ್ತಾರೆ, ಅಲ್ಲಿದ್ದ ಎಂಬತ್ತರ ಅಜ್ಜಿಯೊಬ್ರಿಗೆ ತೋರಿಸಿದ್ರೆ ಕನ್ನಡಕ ಮೇಲೆ ಮಾಡಿ ನಕ್ರು. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಅಂದ್ರೆ ಏಳು, ಆದ್ರಿಂದ 7ಬ್ರ್ ಅಂದ್ರೆ ಸೆಪ್ಟೆಂಬರ್, 8ಬ್ರ್ ಅಂದ್ರೆ ಅಕ್ಟೋಬರ್. ಒಂದು ತಿಂಗಳ ರಾತ್ರಿಗಳು ಗೋವಿಂದ.

ಸೆಪ್ಟೆಂಬರ್ 12ರಲ್ಲಿ ಹುಡುಗ ಇದ್ದ. ಆದ್ರೆ ಲಿಂಡ್‌ಕ್ವಿಸ್ಟ್ ಅಲ್ಲ, ಅಪ್ಪನ ಹೆಸರು ಯೋಹಾನ್, ಆದ್ರಿಂದ ಮಗ ಯೋಹಾನ್ಸನ್.

ಇಲ್ಲೇ ನಂಗೆ ಮೊದಲ ಸಲ ಈ ದೇಶ ನಮ್ಮೂರು ತರಾನೇ ಅನ್ಸಿದ್ದು. ಹತ್ತೊಂಬತ್ತನೇ ಶತಮಾನದ ತನಕ ಇಲ್ಲಿ ಹಳ್ಳಿ ಜನಕ್ಕೆ ಮನೆತನದ ಹೆಸರೇ ಇರ್ಲಿಲ್ಲ. ಅಂಡರ್ಸ್ ಮಗ ಅಂಡರ್ಸನ್, ಮಗಳು ಅಂಡರ್ಸ್‌ದೊತ್ತೆರ್, ಆ ಮಗನ ಹೆಸರು ನಿಲ್ಸ್ ಆದ್ರೆ ಮೊಮ್ಮಗ ನಿಲ್ಸನ್. ಪ್ರತಿ ತಲೆಮಾರಿಗೂ ಹೆಸರು ಬದಲು. ಹೆಂಡ್ತಿ ಮದ್ವೆ ಆದ್ರೂ ತನ್ನ ಅಪ್ಪನ ಹೆಸರಲ್ಲೇ ಇರೋಳು. ನನ್ನ ಇನಿಶಿಯಲ್ ಮಾಡೋದೂ ಅದನ್ನೇ ತಾನೇ. ಐಸ್‌ಲ್ಯಾಂಡಲ್ಲಿ ಇವತ್ತಿಗೂ ಹಂಗೇ ಇದೆ. ಸ್ವೀಡನ್ನಲ್ಲಿ 1901ರ ಹೆಸರಿನ ಕಟ್ಟಳೆ ಬಂದ್ಮೇಲೆ ಮನೆತನಕ್ಕೆ ಒಂದು ಖಾಯಂ ಹೆಸರು ಅನ್ನೋದು ಗಟ್ಟಿಯಾಯ್ತು, ಯಾರ್ಯಾರು ಆಗ ಯಾವ ಸನ್ ಆಗಿದ್ರೋ ಅದೇ ಹೆಪ್ಪುಗಟ್ಟಿ ಇವತ್ತಿಗೂ ಟಾಪ್ ಹತ್ತು ಸರ್‌ನೇಮ್ ಎಲ್ಲಾ ಸನ್‌ಗಳೇ. ನನ್ನ ಟೀಮಲ್ಲಿರೋ ಹುಡುಗಿ ಯೋಹಾನ್ಸನ್, ಅಂದ್ರೆ ಅಕ್ಷರಕ್ಕೆ ಹೋದ್ರೆ ಅವಳು ಯೋಹಾನನ ಮಗ.

ಹಂಗಾದ್ರೆ ಯೋಹಾನ್ಸನ್ ಲಿಂಡ್‌ಕ್ವಿಸ್ಟ್ ಆಗಿದ್ದು ಯಾವಾಗ? ಊರು ಬಿಡೋವಾಗ ಪಾದ್ರಿಯಿಂದ ಸರ್ಟಿಫಿಕೇಟ್ ತಗೊಂಡು ಹೊಸ ಊರ ಪಾದ್ರಿಗೆ ಕೊಡ್ಬೇಕಿತ್ತು, ಬಂದೋರು ಹೋದೋರ ಪುಸ್ತಕಾನೇ ಬೇರೆ ಇದೆ. ಹಳ್ಳಿ ಪುಸ್ತಕದಲ್ಲಿ 1876ರಲ್ಲಿ ಹೊರಟಿದ್ದು ಯೋಹಾನ್ಸನ್, ಆಳು. ಗೋಥೆನ್‌ಬರ್ಗ್ ಪುಸ್ತಕದಲ್ಲಿ ಅದೇ ವರ್ಷ ಬಂದಿದ್ದೂ ಯೋಹಾನ್ಸನ್ನೇ, ಆದ್ರೆ ಆ ಹೆಸರಿನ ಮೇಲ್ಗಡೆ, ಗೆರೆ ಮಧ್ಯದ ಸಣ್ಣ ಜಾಗದಲ್ಲಿ, ಬೇರೆ ಶಾಯೀಲಿ ಲಿಂಡ್‌ಕ್ವಿಸ್ಟ್ ಅಂತ ಬರೆದಿತ್ತು. ಅಷ್ಟೇ. ಆರ್ಡರ್ ಇಲ್ಲ, ಅರ್ಜಿ ಇಲ್ಲ, ಅಫಿಡವಿಟ್ ಇಲ್ಲ, ಪೇಪರಲ್ಲಿ ಜಾಹೀರಾತಿಲ್ಲ. ಇಪ್ಪತ್ತೊಂದು ವರ್ಷದ ಹುಡುಗ ಬಂದು ನಾನಿನ್ನು ಲಿಂಡ್‌ಕ್ವಿಸ್ಟ್ ಅಂತ ಹೇಳಿದಾನೆ, ಪಾದ್ರಿ ಬರ್ಕೊಂಡಿದಾನೆ. ರಾತ್ರಿ ಹನ್ನೊಂದೂವರೆಗೆ ಗಂಡನ್ನ ಎಬ್ಬಿಸಿ ತೋರಿಸ್ದೆ.

ಹಂಗೆ ಹೆಸರು ಇಟ್ಕೊಳ್ಳೋದು ಆಗಿನ ಕಾಲದ ಗಾಳಿ. ಇದು ಮೇಲಿಂದ ಇಳಿದು ಬಂದಿದ್ದು. ಮೊದಲು ಶ್ರೀಮಂತ ಮನೆತನಗಳು, 1626ರಲ್ಲಿ ಅವರ ಸಭೆ ರಿದ್ದಾರ್‌ಹುಸೆಟ್ ವ್ಯವಸ್ಥೆ ಆಯ್ತು, ಹೆಸರುಗಳೋ ಭರ್ಜರಿ, ಯಿಲೆನ್‌ಶೇರ್ನಾ ಅಂದ್ರೆ ಬಂಗಾರದ ನಕ್ಷತ್ರ. ಅದನ್ನ ನೋಡಿ ಪೇಟೆಯ ವ್ಯಾಪಾರಿಗಳು, ಕುಶಲಕರ್ಮಿಗಳು ನಮಗೂ ಇರ್ಲಿ ಅಂತ ಎರಡು ತುಂಡಿನ ಹೆಸರು ಮಾಡ್ಕೊಂಡ್ರು, ಬಂಗಾರ ಬೆಳ್ಳಿ ಬಿಟ್ಟು ಮರ ಗುಡ್ಡ ನೀರು ಹಿಡ್ಕೊಂಡ್ರು. ಓದಿದೋರು ಲ್ಯಾಟಿನ್ ಬಾಲ ಅಂಟಿಸ್ಕೊಂಡ್ರು, ಟೆಂಪರೇಚರಿನ ಸೆಲ್ಸಿಯಸ್ ಕೂಡ ಅವರ ಮನೆತನದ ಜಾಗ ದಿಬ್ಬದ ಮೇಲಿತ್ತು ಅಂತ ಲ್ಯಾಟಿನ್ ಮಾಡಿದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಹಳ್ಳಿ ಬಿಟ್ಟು ಪೇಟೆಗೆ, ಕಾರ್ಖಾನೆಗೆ ಬಂದ ಹುಡುಗ್ರು ಇದೇ ಅಚ್ಚು ಹಿಡ್ಕೊಂಡ್ರು, ಯಾಕಂದ್ರೆ ಒಂದೇ ವರ್ಕ್‌ಶಾಪಲ್ಲಿ ಏಳು ಯೋಹಾನ್ಸನ್ ಇದ್ರೆ ಸಂಬಳ ಯಾರಿಗೆ ಕೊಡೋದು.

ಅಚ್ಚು ಹೆಂಗೆ ಅಂದ್ರೆ ಮೊದಲ ತುಂಡಿಗೆ ಲಿಂಡ್, ಎಕ್ ಅಂದ್ರೆ ಓಕ್, ಗ್ರಾನ್ ಅಂದ್ರೆ ಸ್ಪ್ರೂಸ್, ಬೆರಿ ಅಂದ್ರೆ ಗುಡ್ಡ (ಬರೆಯೋದು ಬರ್ಗ್), ಹೊಲ್ಮ್ ಅಂದ್ರೆ ನಡುಗಡ್ಡೆ, ಹ್ವೋ ಅಂದ್ರೆ ಸರೋವರ, ಬರೆಯೋದು ಎಸ್ ಜೆ ಓ, ಉಚ್ಚಾರಣೆ ಮೇಣದಬತ್ತಿ ಊದಿದಂಗೆ. ಎರಡನೇ ತುಂಡಿಗೆ ಕ್ವಿಸ್ಟ್ ರೆಂಬೆ, ಗ್ರೇನ್ ಕೊಂಬೆ, ಬ್ಲಾಡ್ ಎಲೆ, ಸ್ಟ್ರೋಮ್ ಹೊಳೆ, ಲುಂಡ್ ತೋಪು, ಡಾಲ್ ಕಣಿವೆ, ಮತ್ತೆ ಅದೇ ಬರ್ಗ್. ಹೋಟ್ಲಲ್ಲಿ ಇಡ್ಲಿ ವಡೆ ಕಾಂಬಿನೇಷನ್ ಹೇಳಿದಂಗೆ ಒಂದಕ್ಕೊಂದು ಜೋಡಿಸ್ಕೊಳ್ಳಿ. ಅರ್ಥ ಕೂಡಬೇಕು ಅಂತ ಯಾರೂ ಕೇಳಿಲ್ಲ, ಹ್ವೋಗ್ರೇನ್ ಅಂದ್ರೆ ಸರೋವರದ ಕೊಂಬೆ, ಸರೋವರಕ್ಕೆ ಕೊಂಬೆ ಎಲ್ಲಿಂದ ಬಂತು! (ಡಾಕ್ಟರುಗಳು ಶೋಗ್ರನ್ ಸಿಂಡ್ರೋಮ್ ಅಂತಾರಲ್ಲ, ಅದೇ ಹೆಸರು.) ಟೆನಿಸ್ ಆಡೋ ಎಡ್‌ಬರ್ಗ್, ಸಿನಿಮಾ ಮಾಡಿದ ಬರ್ಗ್‌ಮನ್, ಹವಾಮಾನದ ಹೋರಾಟದ ಗ್ರೆಟಾ ಥುನ್‌ಬರ್ಗ್ ಎಲ್ರಲ್ಲೂ ಒಂದೊಂದು ಗುಡ್ಡ ಇದೆ, ಪಿಯುಸಿಲಿ ಓದಿದ ಆಂಗ್‌ಸ್ಟ್ರಾಮ್ ಒಳಗೆ ಒಂದು ಹೊಳೆ ಹರೀತಿದೆ ಅಂತ ನಂಗೆ ಮೂವತ್ತನೇ ವಯಸ್ಸಲ್ಲಿ ಗೊತ್ತಾಗಿದ್ದು.

ಅಂದ್ರೆ ಮರ ಬರೀ ಮೆನು ಕಾರ್ಡಿಂದ ಬಂತಾ? ಮಾವಂಗೆ ಹೇಳಕ್ಕೆ ಮನಸ್ಸು ಬರ್ಲಿಲ್ಲ, ಇನ್ನೊಂದು ತಲೆಮಾರು ಹಿಂದಕ್ಕೆ ಹೋದೆ. ಹುಡುಗನ ಅಪ್ಪ ಯೋಹಾನ್, ಹುಟ್ಟಿದ್ದು 1822. ಅವನ ಹೆಸರಿನ ಮುಂದೆ ಸೊಲ್ಡಾಟ್ ಅಂತಿತ್ತು, ಸೈನಿಕ. ಸೊಲ್ಡಾಟ್ ಯೋಹಾನ್ ಲಿಂಡ್.

ಲಿಂಡ್! ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಅವರ ಹಳೇ ಸೈನ್ಯದ ಪದ್ಧತಿ ಗೊತ್ತಿರ್ಬೇಕು. ಹನ್ನೊಂದನೇ ಕಾರ್ಲ್ ರಾಜ 1682ರ ಹೊತ್ತಿಗೆ ಶುರು ಮಾಡಿದ್ದು. ಕೆಲವು ಜಮೀನು ಸೇರಿ ಒಂದು ರೋಟೆ, ಒಂದು ರೋಟೆ ಒಬ್ಬ ಸೈನಿಕನ್ನ ಸಾಕ್ಬೇಕು, ಅವನಿಗೆ ಒಂದು ಗುಡಿಸಲು, ಒಂಚೂರು ಹೊಲ, ಒಂದು ಹಸು ಮೇಯೋ ಜಾಗ. ಯುದ್ಧ ಇಲ್ದಾಗ ಅವನು ಹೊಲ ಮಾಡ್ಕೊಂಡು ಕವಾಯತಿಗೆ ಹೋಗಿ ಬರೋದು. ಸ್ವೀಡನ್ ಕೊನೇ ಯುದ್ಧ ಮಾಡಿದ್ದು 1814ರಲ್ಲಿ, ಆದ್ರಿಂದ ನಮ್ಮ ಯೋಹಾನ್ ಜೀವನಪೂರ್ತಿ ಆಲೂಗಡ್ಡೆ ಜೊತೆಗೇ ಹೋರಾಡಿರ್ಬೇಕು. ಕಂಪನೀಲಿ ಹತ್ತು ಜನ ಯೋಹಾನ್ ಆಂಡರ್ಸನ್ ಇದ್ರೆ ಹಾಜರಿ ಹಾಕೋದು ಹೆಂಗೆ, ಅದಕ್ಕೆ ಸೇರ್ಕೊಂಡ ದಿನಾನೇ ಕ್ಯಾಪ್ಟನ್ ಒಂದು ಪುಟ್ಟ ಹೆಸರು ಕೊಡ್ತಿದ್ದ. ರಾಸ್ಕ್ ಅಂದ್ರೆ ಚುರುಕು, ಮೂಡಿಗ್ ಅಂದ್ರೆ ಧೈರ್ಯವಂತ, ಸ್ವೇರ್ಡ್ ಅಂದ್ರೆ ಕತ್ತಿ, ಇಲ್ಲಾಂದ್ರೆ ಮರಗಳು, ಎಕ್, ಆಲ್ಮ್, ಬ್ಯೋರ್ಕ್, ಲಿಂಡ್. ಕೂಗೋಕೆ ಸುಲಭ ಇರ್ಬೇಕು ಅಷ್ಟೆ.

ಸೈನ್ಯದ ರಿಜಿಸ್ಟರಲ್ಲಿ ಯೋಹಾನ್ ಎತ್ತರ, ವಯಸ್ಸು, ಮದ್ವೆ ಆಗಿದೆ, ಬಿಡೋವಾಗ ಚೆನ್ನಾಗಿ ಸೇವೆ ಮಾಡಿದಾನೆ ಅನ್ನೋ ಒಂದು ಸಾಲು ಎಲ್ಲಾ ಸಿಕ್ತು. ಅದರ ಮೇಲಿನ ಪುಟದಲ್ಲಿ ಅವನಿಗಿಂತ ಹಿಂದೆ ಅದೇ ನಂಬರಿನ ರೋಟೆಲಿ ಇದ್ದ ಸೈನಿಕ. ಅವನೂ ಲಿಂಡ್. ಬೇರೆ ಊರಿನೋನು, ಬೇರೆ ಅಪ್ಪನ ಮಗ, ಸಂಬಂಧಾನೇ ಇಲ್ಲ. ಯೋಹಾನ್ ಆದ್ಮೇಲೆ ಬಂದೋನೂ ಲಿಂಡ್! ಹೆಸರು ಮನುಷ್ಯಂದಲ್ಲ, ನಂಬರಿಂದು. ಸರ್ಕಾರಿ ಕ್ವಾರ್ಟರ್ಸ್ ತರ, ಕೆಲಸ ಮುಗಿದ ಮೇಲೆ ಗುಡಿಸಲು ಬಿಡ್ಬೇಕು, ಮುಂದೆ ಬರೋನು ಗುಡಿಸಲಿನ ಜೊತೆ ಹೆಸರಿಗೂ ಕಾಲಿಡ್ತಾನೆ. ಯೋಹಾನ್ ಬಿಟ್ಟಿದ್ದು 1870ರ ದಶಕದಲ್ಲಿ, ಮನೆಮಂದಿ ಮೇಲೆಲ್ಲ ಗೆರೆ ಎಳೆದಿದ್ದಾರೆ, ಬೇರೆಯೋರ ಜಮೀನಿನ ಮೂಲೆಗೆ ಹೋಗಿದ್ದಾರೆ. ಮಗ ಗೋಥೆನ್‌ಬರ್ಗಿಗೆ ಹೊರಟಿದ್ದು ಅದಾಗಿ ಎರಡನೇ ವರ್ಷ. ಅಪ್ಪನಿಂದ ಹೋದ ಲಿಂಡ್‌ಗೆ ಒಂದು ರೆಂಬೆ ಸೇರಿಸಿ ತನಗೆ ಅಂತ ಮಾಡ್ಕೊಂಡಿದಾನೆ. ಅವನು ಯಾಕೆ ಹಂಗೆ ಮಾಡಿದ ಅಂತ ಯಾವ ಪುಸ್ತಕದಲ್ಲೂ ಇಲ್ಲ, ಆದ್ರೆ ನಂಗೆ ಅದು ಮೆನು ಕಾರ್ಡ್ ನೋಡಿ ಆರಿಸಿದ್ದು ಅಂತ ಇನ್ನು ಅನ್ಸಲ್ಲ.

ಅಣ್ಣ ತಮ್ಮಂದಿರದ್ದೂ ನೋಡ್ದೆ. ದೊಡ್ಡೋನು ಊರಲ್ಲೇ ಉಳಿದ, ಸಾಯೋ ತನಕ ಯೋಹಾನ್ಸನ್. ಚಿಕ್ಕೋನು ಲಿಂಡ್‌ಗ್ರೇನ್ ಅಂತ ಇಟ್ಕೊಂಡು ಅಮೆರಿಕಕ್ಕೆ ಹೋದ, ಹೊರಟೋರ ಹೆಸರೆಲ್ಲ ಗೋಥೆನ್‌ಬರ್ಗ್ ಪೊಲೀಸರು ಬರೆದಿಟ್ಟ ಪಟ್ಟೀಲಿ ಇದೆ, ಹಡಗು ಇಂಗ್ಲೆಂಡಿನ ಹಲ್‌ಗೆ, ಅಲ್ಲಿಂದ ರೈಲಲ್ಲಿ ಲಿವರ್‌ಪೂಲ್, ಮುಂದೆ ನ್ಯೂಯಾರ್ಕ್. ಒಂದೇ ಹೊಟ್ಟೇಲಿ ಹುಟ್ಟಿದ ಮೂವರು, ಒಬ್ಬ ರೆಂಬೆ, ಒಬ್ಬ ಕೊಂಬೆ, ಒಬ್ಬ ಬರೀ ಅಪ್ಪನ ಮಗ. ಆ ಕಾಲಕ್ಕೆ ಇದೇನೂ ವಿಚಿತ್ರ ಅಲ್ಲ. ತಂಗಿ ಯೋಹಾನ್ಸ್‌ದೊತ್ತೆರ್ ಆಗಿ ಶುರುವಾಗಿ ಪೇಟೆಗೆ ಬಂದ್ಮೇಲೆ ಯೋಹಾನ್ಸನ್ ಆಗಿದ್ದಾಳೆ.

ಹನ್ನೆರಡು ಲಕ್ಷಕ್ಕೂ ಹೆಚ್ಚು ಸ್ವೀಡಿಷರು ಆ ಕಾಲದಲ್ಲಿ ಅಮೆರಿಕಕ್ಕೆ ಹೋದ್ರು, ಅವರ ಜೊತೆ ಈ ಮರಗಳೂ ಗುಡ್ಡಗಳೂ ಹೋದ್ವು. ಅಲ್ಲಿ ಅಕ್ಷರಗಳ ಮೇಲಿನ ಚುಕ್ಕೆಗಳು ಉದುರಿ, ಉಚ್ಚಾರಣೆಗೆ ತಕ್ಕಂಗೆ ಸ್ಪೆಲಿಂಗ್ ಬದಲಾಗಿ, ಯುಂಗ್‌ಕ್ವಿಸ್ಟ್ ಅನ್ನೋ ಹೆಸರು, ಯುಂಗ್ ಅಂದ್ರೆ ಒಂದು ಪೊದೆ ಗಿಡ, ಅದು ಅಲ್ಲಿ ಯಂಗ್‌ಕ್ವಿಸ್ಟ್ ಆಗಿ ಎಳೇ ರೆಂಬೆ ಆಗ್ಬಿಡ್ತು. ಆ ಕಡೆ ಫಿನ್‌ಲ್ಯಾಂಡಲ್ಲಿ ಉಲ್ಟಾ, 1906ರಲ್ಲಿ ಸ್ನೆಲ್‌ಮನ್ ಅನ್ನೋ ಚಿಂತಕರ ನೂರನೇ ಹುಟ್ಟುಹಬ್ಬಕ್ಕೆ ಹತ್ತಾರು ಸಾವಿರ ಜನ ಇಂಥ ಸ್ವೀಡಿಷ್ ಹೆಸರು ಬಿಟ್ಟು ಫಿನ್ನಿಷ್ ಹೆಸರು ಇಟ್ಕೊಂಡ್ರು.

ಹೋದ ಆಗಸ್ಟಲ್ಲಿ ಮಾವನ್ನ ಕರ್ಕೊಂಡು ಆ ಜಾಗಕ್ಕೆ ಹೋದ್ವಿ. ಕಾರಲ್ಲಿ ಎರಡು ಗಂಟೆ, ಆಮೇಲೆ ಮಣ್ಣು ರಸ್ತೆ, ಆಮೇಲೆ ಕಾಲ್ದಾರಿ. ದಾರೀಲೇ ಎಲ್ಲಾ ಹೇಳ್ದೆ, ಕ್ಯಾಪ್ಟನ್ ವಿಷಯ, ಹಿಂದಿನ ಲಿಂಡ್, ಮುಂದಿನ ಲಿಂಡ್. ಅವರು ಏನೂ ಮಾತಾಡ್ಲಿಲ್ಲ, ಫ್ಲಾಸ್ಕಿಂದ ಕಾಫಿ ಬಗ್ಗಿಸ್ಕೊಂಡ್ರು. ಜಾಗದಲ್ಲಿ ಊರ ಸಂಘದೋರು ನೆಟ್ಟ ಸಣ್ಣ ಬೋರ್ಡು, ರೆಜಿಮೆಂಟ್ ಹೆಸರು, ರೋಟೆ ನಂಬರ್. ಒಲೆಯ ಕಲ್ಲುಗಳು, ನೆಲಮಾಳಿಗೆ ಇದ್ದ ಒಂದು ಗುಂಡಿ, ನೆಲ್ಲಿಕಾಯಿ ತರದ ಹಣ್ಣಿನ ಒಂದು ಪೊದೆ ಇನ್ನೂ ಬದುಕಿತ್ತು. ಸುತ್ತ ಬರೀ ಸ್ಪ್ರೂಸ್ ಮರ, ಕತ್ತಲೆ ಕತ್ತಲೆ. ಲಿಂಡ್ ಒಂದೂ ಇಲ್ಲ. ಮಾವ ಆದ್ರೂ ಬಿಡ್ಲಿಲ್ಲ, ಎಪ್ಪತ್ತು ದಾಟಿದ ಮನುಷ್ಯ ಅರ್ಧ ಗಂಟೆ ಪೊದೆ ಸರಿಸ್ಕೊಂಡು ಬುಡ ಗಿಡ ಏನಾದ್ರೂ ಇದೆಯಾ ಅಂತ ಹುಡುಕಿದ್ರು. ವಾಪಸ್ ಬರೋವಾಗ, ಮೇನ್ ರೋಡ್ ಸಿಕ್ಕಿದ್ಮೇಲೆ, ಕಿಟಕಿ ಕಡೆ ನೋಡ್ಕೊಂಡೇ ಅಂದ್ರು: "ಹಾಗಾದ್ರೆ ಕ್ವಿಸ್ಟ್ ಮಾತ್ರ ನಮ್ದು."

ಅಪ್ಪಂಗೆ ಆ ಕಲ್ಲುಗಳ ಫೋಟೋ ಕಳ್ಸಿ ಫೋನ್ ಮಾಡ್ದೆ. ಎಲ್ಲಾ ಕೇಳಿಸ್ಕೊಂಡು ಕೇಳಿದ್ದು, "ಹಂಗಾದ್ರೆ ಊರಲ್ಲಿರೋ ಲಿಂಡ್‌ಕ್ವಿಸ್ಟ್‌ಗಳೆಲ್ಲ ನೆಂಟರಲ್ವಾ?" ಇಲ್ಲಪ್ಪ, ಒಬ್ಬೊಬ್ರು ಒಂದೊಂದು ಕಡೆ ತಾವೇ ಮಾಡ್ಕೊಂಡಿದ್ದು, ಈಗಿನ ಕಾನೂನು 2017ರಲ್ಲಿ ಬಂದಿದ್ದು, ಎರಡು ಸಾವಿರಕ್ಕಿಂತ ಕಮ್ಮಿ ಇಲ್ದಂಗೆ ಜನ ಇಟ್ಕೊಂಡಿರೋ ಹೆಸರನ್ನ ಯಾರು ಬೇಕಾದ್ರೂ ಅರ್ಜಿ ಹಾಕಿ ತಗೋಬಹುದು, ಲಿಂಡ್‌ಕ್ವಿಸ್ಟ್ ಆ ಲೆಕ್ಕ ಯಾವತ್ತೋ ದಾಟಿದೆ, ನೀನೂ ಇಲ್ಲಿ ಬಂದು ನೆಲೆಸಿದ್ರೆ ತಗೋಬಹುದು ಅಂದೆ. ನಂಗೇನಕ್ಕೆ ಅಂದ್ರು. ಅದೇ ಕಾನೂನಲ್ಲಿ ಇನ್ನೊಂದು ಇದೆ ಅಪ್ಪ, ಅಪ್ಪನ ಹೆಸರಿಗೆ ದೊತ್ತೆರ್ ಸೇರಿಸಿ ಸರ್‌ನೇಮ್ ಮಾಡ್ಕೋಬಹುದು, ಹಳೇ ಕಾಲದ ತರ, ಹಾಕ್ಲಾ ಅಂತ ಅವರ ಹೆಸರಿಗೆ ದೊತ್ತೆರ್ ಅಂಟಿಸಿ ಹೇಳಿ ತೋರಿಸ್ದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ಹಿಂದೆ ಇದ್ದ ಅಮ್ಮಂಗೆ ಅದನ್ನೇ ಹೇಳಿ ನಗೋದು ಕೇಳಿಸ್ತು.

"ಅದ್ಯಾಕೆ ಬೇಕು ಬಿಡಮ್ಮ," ಅಂದ್ರು, "ಇನಿಶಿಯಲ್‌ನಲ್ಲಿ ಇದೀನಲ್ಲ."

ಫಾರ್ಮ್ ಇನ್ನೂ ಫ್ರಿಜ್ ಮೇಲೆ ಮ್ಯಾಗ್ನೆಟ್ಟಲ್ಲಿ ನೇತಾಡ್ತಿದೆ.